ಎಕ್ಸ್-ರೇ ಕನ್ನಡಿಗೆ ಪ್ರೋಟಾನ್ ತಾಗಿದರೆ: ಡೇಟಾ ಎಸೆಯಬೇಕಾ, ಉಳಿಸಬಹುದಾ?

ಓದುಗರ ಪ್ರಶ್ನೆ: ನಾನು ಎಂ.ಎಸ್ಸಿ. ಭೌತವಿಜ್ಞಾನ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆಂದು ಎಕ್ಸ್‌ಎಂಎಂ-ನ್ಯೂಟನ್ ಎಂಬ ಬಾಹ್ಯಾಕಾಶದ ಎಕ್ಸ್-ರೇ ದೂರದರ್ಶಕದ ಹಳೆಯ ಡೇಟಾ ಇಳಿಸಿಕೊಂಡಿದ್ದೇನೆ. ಒಂದು ಗ್ಯಾಲಕ್ಸಿ ಗುಚ್ಛವನ್ನು ಸುಮಾರು 40,000 ಸೆಕೆಂಡ್ ನೋಡಿದ ಡೇಟಾ ಅದು. ಲೈಟ್ ಕರ್ವ್ (ಹೊತ್ತು ಕಳೆದಂತೆ ಎಣಿಕೆ ಹೇಗೆ ಬದಲಾಯಿತೆಂಬ ಗ್ರಾಫ್) ಹಾಕಿ ನೋಡಿದರೆ ಮೊದಲರ್ಧ ಸಮತಟ್ಟಾಗಿದೆ. ಆಮೇಲೆ ಎಣಿಕೆ ಇದ್ದಕ್ಕಿದ್ದ ಹಾಗೆ ಏಳೆಂಟು ಪಟ್ಟು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಏನೋ ಹೊಸದು ಸಿಕ್ಕಿತು ಅಂದುಕೊಂಡೆ. ಸೀನಿಯರ್ ಒಬ್ಬರು, “ಅದು ಸಾಫ್ಟ್ ಪ್ರೋಟಾನ್. ಕನ್ನಡಿಯಲ್ಲಿ ಪ್ರತಿಫಲಿಸಿ ಬಂದಿದೆ. ಆ ಭಾಗ ಎಸೆದುಬಿಡು” ಅಂದರು. ನನಗೆ ಅರ್ಥವಾಗದ್ದು ಇಷ್ಟು: ಪ್ರೋಟಾನ್ ಒಂದು ಕಣ, ಅದು ಬೆಳಕಿನ ಹಾಗೆ ಹೇಗೆ ಪ್ರತಿಫಲಿಸುತ್ತದೆ? ಚಂದ್ರಾ ಎಕ್ಸ್-ರೇ ದೂರದರ್ಶಕದ ಕ್ಯಾಮೆರಾ ಇದರಿಂದಲೇ ಹಾಳಾಯಿತು ಎಂದು ಓದಿದೆ. ಹಾಗಿದ್ದರೆ ಕನ್ನಡಿಯ ಲೇಪವೂ ಹಾಳಾಗುತ್ತಿರಬೇಕಲ್ಲ? ಒಂದು ಆಯಸ್ಕಾಂತ ಇಟ್ಟು ತಡೆಯಬಾರದೇ? ಅರ್ಧ ಡೇಟಾ ಎಸೆಯಲು ಮನಸ್ಸು ಬರುತ್ತಿಲ್ಲ.

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಈ ಡೇಟಾ ಜೊತೆ ಕೆಲಸ ಮಾಡುವ ಎಲ್ಲರೂ ಒಂದಲ್ಲ ಒಂದು ದಿನ ಇಂಥದ್ದೇ ಗ್ರಾಫ್ ಎದುರು ಕೂತಿರುತ್ತಾರೆ. ನಿಮ್ಮ ಸೀನಿಯರ್ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ. “ಪ್ರತಿಫಲಿಸಿ” ಅನ್ನುವ ಮಾತು ಮಾತ್ರ ದಾರಿ ತಪ್ಪಿಸುತ್ತದೆ. ನಿಮ್ಮ ಮಿಕ್ಕ ಅನುಮಾನಗಳೆಲ್ಲ ಹುಟ್ಟಿರುವುದು ಆ ಒಂದು ಮಾತಿನಿಂದಲೇ.

ಮೊದಲು, ಅದು ನಿಜವಾಗಲೂ ಪ್ರೋಟಾನ್ ಹೌದೋ ಅಲ್ಲವೋ ನೋಡಿಬಿಡೋಣ. ಗ್ಯಾಲಕ್ಸಿ ಗುಚ್ಛದ ಬಿಸಿ ಅನಿಲ ಲಕ್ಷಾಂತರ ಜ್ಯೋತಿರ್ವರ್ಷ ಹರಡಿರುತ್ತದೆ. ಅದು ಹತ್ತು ನಿಮಿಷದಲ್ಲಿ ಏಳು ಪಟ್ಟು ಹೊಳೆಯಲು ಸಾಧ್ಯವೇ ಇಲ್ಲ. ಗುಚ್ಛದೊಳಗೆ ಅಥವಾ ಅದರ ಮುಂದೆ ಒಂದು ನಕ್ಷತ್ರವೋ ಕಪ್ಪು ಕುಳಿಯೋ ಇದ್ದು ಅದು ಹೊಳೆದಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆಗ ಆ ಒಂದು ಚುಕ್ಕೆ ಮಾತ್ರ ಬೆಳಗಬೇಕು. ನೀವು ಹೀಗೆ ಮಾಡಿ. ಏರಿಕೆಯ ಹೊತ್ತಿನ ಎಣಿಕೆಗಳನ್ನಷ್ಟೇ ಆರಿಸಿ ಒಂದು ಚಿತ್ರ ಮಾಡಿ. ಶಾಂತ ಹೊತ್ತಿನದು ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಡಿ. ಇಡೀ ಚಿತ್ರಕ್ಕೆ ಮಂಜು ಕವಿದ ಹಾಗೆ ಆಗಿದ್ದರೆ ಅದು ಪ್ರೋಟಾನ್. ಇನ್ನೊಂದು ಪರೀಕ್ಷೆ: 10 ಕೆಇವಿಗಿಂತ (ಕಿಲೋ ಎಲೆಕ್ಟ್ರಾನ್‌ವೋಲ್ಟ್) ಮೇಲಿನ ಎಣಿಕೆಗಳಲ್ಲಿ ಮಾತ್ರ ಲೈಟ್ ಕರ್ವ್ ಹಾಕಿ. ಅಷ್ಟು ಶಕ್ತಿಯ ಎಕ್ಸ್-ರೇಗಳನ್ನು ಎಕ್ಸ್‌ಎಂಎಂ ಕನ್ನಡಿಗಳು ಹೆಚ್ಚುಕಡಿಮೆ ಹಿಡಿಯುವುದೇ ಇಲ್ಲ. ಅಲ್ಲೂ ಅದೇ ಗುಡ್ಡ ಎದ್ದಿದ್ದರೆ ಅದು ಆಕಾಶದಿಂದ ಬಂದ ಬೆಳಕಲ್ಲ.

ನೀವು ವಿವರಿಸಿದ ಆಕಾರ ನೋಡಿದರೆ ಎರಡೂ ಪರೀಕ್ಷೆಯ ಫಲಿತಾಂಶ ಏನು ಬರುತ್ತದೆಂದು ನನಗೆ ಹೆಚ್ಚು ಅನುಮಾನವಿಲ್ಲ. ಆದರೂ ಮಾಡಿ. ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.

ಪ್ರೋಟಾನ್‌ಗೆ ಅದು ಕನ್ನಡಿಯೇ ಅಲ್ಲ

ಎಕ್ಸ್-ರೇ ನೇರವಾಗಿ ಬಡಿದರೆ ಯಾವ ಕನ್ನಡಿಯೂ ಅದನ್ನು ತಿರುಗಿಸಲ್ಲ. ಒಳಗೆ ಹೊಕ್ಕು ಹೀರಿಹೋಗುತ್ತದೆ. ತೀರಾ ಓರೆಯಾಗಿ, ಒಂದು ಡಿಗ್ರಿಗಿಂತ ಕಡಿಮೆ ಕೋನದಲ್ಲಿ, ಮೇಲ್ಮೈಯನ್ನು ಸವರಿಕೊಂಡು ಹೋದರೆ ಮಾತ್ರ ಪೂರ್ಣ ಪ್ರತಿಫಲನ ಆಗುತ್ತದೆ. ಹಾಗಾಗಿ ಎಕ್ಸ್-ರೇ ದೂರದರ್ಶಕದ ಕನ್ನಡಿ ತಟ್ಟೆಯ ಹಾಗಿರಲ್ಲ, ಕೊಳವೆಯ ಹಾಗಿರುತ್ತದೆ. ಹಾನ್ಸ್ ವೋಲ್ಟರ್ 1952ರಲ್ಲಿ ಕೊಟ್ಟ ವಿನ್ಯಾಸದಂತೆ ಬೆಳಕು ಮೊದಲು ಪ್ಯಾರಾಬೋಲಾ ಆಕಾರದ ಭಾಗಕ್ಕೆ, ಆಮೇಲೆ ಹೈಪರ್ಬೋಲಾ ಆಕಾರದ ಭಾಗಕ್ಕೆ ಸವರಿ ಫೋಕಸ್‌ಗೆ ಬರುತ್ತದೆ. ಒಂದು ಕೊಳವೆಗೆ ಸಿಗುವ ಬೆಳಕು ಕಡಿಮೆ. ಅದಕ್ಕೇ ಒಂದರೊಳಗೊಂದು ಸೇರಿಸುತ್ತಾರೆ. ಎಕ್ಸ್‌ಎಂಎಂನ ಮೂರು ದೂರದರ್ಶಕಗಳಲ್ಲಿ ತಲಾ 58 ಇವೆ, ಚಿನ್ನ ಲೇಪಿಸಿದ ನಿಕ್ಕಲ್‌ನವು. ಚಂದ್ರಾದಲ್ಲಿ ನಾಲ್ಕೇ ಜೋಡಿ, ಇರಿಡಿಯಂ ಲೇಪದ ಗಾಜು.

ಪ್ರೋಟಾನ್ ಕಥೆ ಬೇರೆ. 100 ಕೆಇವಿ ಪ್ರೋಟಾನ್ ಒಂದನ್ನು ತೆಗೆದುಕೊಳ್ಳಿ. ವೇಗ ಸೆಕೆಂಡಿಗೆ ಸುಮಾರು 4,400 ಕಿಲೋಮೀಟರ್. ಬಾಹ್ಯಾಕಾಶದ ಲೆಕ್ಕದಲ್ಲಿ ಇದು ಬಡಪಾಯಿ ಕಣ, ಅದಕ್ಕೇ “ಸಾಫ್ಟ್” ಅನ್ನುವುದು. ಇದಕ್ಕೂ ಅಲೆಯುದ್ದ ಇದೆ, ಒಪ್ಪೋಣ. ಆದರೆ ಅದು 1 ಕೆಇವಿ ಎಕ್ಸ್-ರೇಯ ಅಲೆಯುದ್ದಕ್ಕಿಂತ ಹತ್ತು ಸಾವಿರಕ್ಕೂ ಹೆಚ್ಚು ಪಟ್ಟು ಚಿಕ್ಕದು. ಎಕ್ಸ್-ರೇಗೆ ನುಣುಪಾದ ಮೇಲ್ಮೈಯಾಗಿ ಕಾಣುವುದು ಪ್ರೋಟಾನ್‌ಗೆ ಒಂದೊಂದೇ ಪರಮಾಣುವಾಗಿ ಎದುರಾಗುತ್ತದೆ. ಪೂರ್ಣ ಪ್ರತಿಫಲನದ ನಿಯಮ ಇಲ್ಲಿ ನಡೆಯಲ್ಲ.

ಹಾಗಾದರೆ ಅದು ವಾಪಸ್ ಬರುವುದು ಹೇಗೆ? ಅರ್ಧ ಡಿಗ್ರಿ ಕೋನದಲ್ಲಿ ಅದು ಚಿನ್ನದ ಪದರಕ್ಕೆ ಬರುತ್ತಿದೆ ಅನ್ನಿ. ಅದರ ಓಟವೆಲ್ಲ ಮೇಲ್ಮೈಗೆ ಸಮಾನಾಂತರವಾಗಿದೆ. ಒಳಗೆ ನುಗ್ಗುವ ದಿಕ್ಕಿನಲ್ಲಿ ಎಷ್ಟು ಶಕ್ತಿ ಇದೆ ಲೆಕ್ಕ ಹಾಕಿ: 100 ಕೆಇವಿಯನ್ನು ಅರ್ಧ ಡಿಗ್ರಿಯ ಸೈನ್‌ನ ವರ್ಗದಿಂದ ಗುಣಿಸಿ. ಬರುವುದು 7.6 ಎಲೆಕ್ಟ್ರಾನ್‌ವೋಲ್ಟ್ ಅಷ್ಟೇ. ಕಿಲೋ ಅಲ್ಲ, ಬರೀ ಎಲೆಕ್ಟ್ರಾನ್‌ವೋಲ್ಟ್. ಲಕ್ಷದ ಲೆಕ್ಕದಲ್ಲಿ ಓಡುತ್ತಿರುವ ಕಣಕ್ಕೆ ಒಳಗಿಳಿಯುವ ದಿಕ್ಕಿನಲ್ಲಿ ಒಂದಂಕಿಯ ಬಲ. ಈ ಲೆಕ್ಕವನ್ನು ಒಂದು ಸಲ ನೀವೇ ಕೈಯಲ್ಲಿ ಹಾಕಿ ನೋಡಿದರೆ ಮುಂದಿನದೆಲ್ಲ ಸುಲಭ.

ಮೇಲಿನ ಪದರಗಳ ಚಿನ್ನದ ನ್ಯೂಕ್ಲಿಯಸ್‌ಗಳು ಪ್ರೋಟಾನನ್ನು ದೂರ ತಳ್ಳುತ್ತವೆ. ಒಂದೊಂದು ತಳ್ಳುವಿಕೆಯೂ ಚಿಕ್ಕದು. ಅಂಥವು ಬೇಕಾದಷ್ಟು ಆಗುತ್ತವೆ. ದಟ್ಟ ಜನಜಂಗುಳಿಯ ಅಂಚಿಗೆ ಜೋರಾಗಿ ಓರೆಯಲ್ಲಿ ನುಗ್ಗಿದವನು ಅವರಿವರ ಭುಜ ತಾಗಿ ತಾಗಿ ಅದೇ ಬದಿಯಿಂದ ಹೊರಗೆ ಬೀಳುತ್ತಾನಲ್ಲ, ಹಾಗೆ. ಒಂದು ದೊಡ್ಡ ಡಿಕ್ಕಿಯಿಂದ ಅಲ್ಲ, ಸಣ್ಣ ಸಣ್ಣ ತಾಗುಗಳಿಂದ. ಒಳಗಿನ ಎಲೆಕ್ಟ್ರಾನ್‌ಗಳಿಗೆ ತಾಗಿ ಒಂದಷ್ಟು ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಪೂರ್ಣ ಪ್ರತಿಫಲನದಲ್ಲಿ ಎಕ್ಸ್-ರೇಯ ಶಕ್ತಿ ಬದಲಾಗಲ್ಲ, ಇಲ್ಲಿ ಬದಲಾಗುತ್ತದೆ. ಇದು ಪ್ರತಿಫಲನವಲ್ಲ, ಚದುರುವಿಕೆ ಅನ್ನುವುದಕ್ಕೆ ಅದೇ ಸಾಕ್ಷಿ.

ಮೋಸ ಇರುವುದು ಹೊರಬರುವ ಕೋನದಲ್ಲಿ. ಫಿರ್ಸೋವ್ ಎಂಬ ಸೋವಿಯತ್ ಭೌತವಿಜ್ಞಾನಿಯ ಹೆಸರಿನ ಒಂದು ಹಳೆಯ ಸೂತ್ರ ಇದೆ. ಅದರ ಪ್ರಕಾರ ಚದುರಿದ ಕಣಗಳು ಎಲ್ಲಕ್ಕಿಂತ ಜಾಸ್ತಿ ಬರುವುದು ಒಳಬಂದ ಕೋನಕ್ಕೆ ಸಮನಾದ ಕೋನದಲ್ಲೇ. ಅಲ್ಲಿಂದ ಆಚೆಗೆ ಉದ್ದನೆಯ ಬಾಲ. ಆ ಸೂತ್ರದಲ್ಲಿ ಪ್ರೋಟಾನ್‌ನ ಶಕ್ತಿಯೂ ಬರಲ್ಲ, ಕನ್ನಡಿಯ ವಸ್ತುವೂ ಬರಲ್ಲ. ರೆಮಿಜೋವಿಚ್ ಮತ್ತು ಸಂಗಡಿಗರ ಮಾದರಿ ಇದನ್ನು ಮುಂದುವರಿಸಿ ಶಕ್ತಿನಷ್ಟವನ್ನೂ ಲೆಕ್ಕಕ್ಕೆ ತರುತ್ತದೆ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದವರು ಇರೋಸೀಟಾ ಎಂಬ ಎಕ್ಸ್-ರೇ ದೂರದರ್ಶಕದ ಕನ್ನಡಿಯ ತುಂಡುಗಳಿಗೆ ಆಕ್ಸಲರೇಟರ್‌ನಿಂದ ಪ್ರೋಟಾನ್ ಹಾಯಿಸಿ ಅಳೆದಿದ್ದಾರೆ. ಕೆಲವು ನೂರು ಕೆಇವಿಯಿಂದ 1,000 ಕೆಇವಿವರೆಗೆ, ಒಂದು ಡಿಗ್ರಿಯ ಆಸುಪಾಸಿನ ಕೋನಗಳಲ್ಲಿ. ಸಿಮ್ಯುಲೇಷನ್ ಮಾಡುವವರು ತಮ್ಮ ಮಾದರಿಯನ್ನು ಇಂಥ ಅಳತೆಗಳ ಜೊತೆ ಹೋಲಿಸಿ ತಿದ್ದಿಕೊಳ್ಳುತ್ತಾರೆ.

ಈಗ ಜ್ಯಾಮಿತಿ ನೋಡಿ. ಸವರಿಕೊಂಡು ಬಂದದ್ದು ಸವರಿಕೊಂಡೇ ಹೊರಡುತ್ತದೆ. ಕೊಳವೆಯ ಆಕಾರ ಮಾಡಿರುವುದು ಸವರಿಕೊಂಡು ಬಂದದ್ದನ್ನು ಕೆಳಗೆ ಕ್ಯಾಮೆರಾಗೆ ಕಳಿಸುವುದಕ್ಕೆಂದೇ. ಹಾಗಾಗಿ ಎಕ್ಸ್-ರೇಗೆ ತೆರೆದ ದಾರಿ ಪ್ರೋಟಾನ್‌ಗೂ ತೆರೆದೇ ಇರುತ್ತದೆ. ನುಣುಪು ಚೆನ್ನಾಗಿಲ್ಲ ಅಂತಲೋ ತಯಾರಿಕೆಯಲ್ಲಿ ಏನೋ ಎಡವಟ್ಟು ಅಂತಲೋ ಅಲ್ಲ. ಎಷ್ಟು ಒಳ್ಳೆಯ ಕನ್ನಡಿ ಮಾಡಿದರೂ ಇದು ಇದ್ದದ್ದೇ.

ಆದರೆ ಫೋಕಸ್ ಆಗಿ ಬರುತ್ತದೆ ಅನ್ನುವುದು ತಪ್ಪು. ಎಕ್ಸ್‌ಎಂಎಂನ ಫೋಕಸ್ ದೂರ 7.5 ಮೀಟರ್. ಪ್ರೋಟಾನ್ ಒಂದೇ ಒಂದು ಡಿಗ್ರಿ ಆಚೀಚೆ ಚದುರಿದರೂ ಅಷ್ಟು ದೂರ ಹೋಗುವಷ್ಟರಲ್ಲಿ 13 ಸೆಂಟಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಆಕಾಶ ಕಾಣುವ ಕ್ಯಾಮೆರಾ ಭಾಗವೇ ಆರೂವರೆ ಸೆಂಟಿಮೀಟರ್ ಅಗಲ. ಅಂದರೆ ಬಹಳಷ್ಟು ಪ್ರೋಟಾನ್‌ಗಳು ದೂರದರ್ಶಕದ ಗೋಡೆಗೆ ಹೋಗಿ ಮುಗಿಯುತ್ತವೆ, ಉಳಿದವು ಇಡೀ ಕ್ಯಾಮೆರಾ ಮೇಲೆ ಹರಡಿ ಬೀಳುತ್ತವೆ. ನಿಮ್ಮ ಚಿತ್ರಕ್ಕೆ ಮಂಜು ಕವಿಯುವುದು ಇದಕ್ಕೇ.

ಇನ್ನೊಂದು ವಿಚಿತ್ರ ಹೇಳಿಬಿಡುತ್ತೇನೆ. ಈ ದಾರಿಯಲ್ಲಿ ಬರುವುದು ಪ್ರೋಟಾನ್ ಮಾತ್ರ ಅಲ್ಲ. ಬಾಹ್ಯಾಕಾಶದ ಧೂಳಿನ ಕಣಗಳೂ ಕನ್ನಡಿಯನ್ನು ಸವರಿ ಕೆಳಗೆ ಬರುತ್ತವೆ. 2005ರ ಮಾರ್ಚ್‌ನಲ್ಲಿ ಎಕ್ಸ್‌ಎಂಎಂನ ಮೂರು ಕ್ಯಾಮೆರಾಗಳಲ್ಲಿ (ಮಾಸ್-1, ಮಾಸ್-2, ಪಿಎನ್) ಮಾಸ್-1ರ ಒಂದು ಸಿಸಿಡಿ (ಎಕ್ಸ್-ರೇ ಹಿಡಿಯುವ ಚಿಪ್) ಪೂರ್ತಿ ಸತ್ತುಹೋದದ್ದು ಇಂಥ ಸೂಕ್ಷ್ಮ ಉಲ್ಕಾಕಣದ ಹೊಡೆತಕ್ಕೆ ಎಂಬುದೇ ಒಪ್ಪಿತ ವಿವರಣೆ. ನಿಮ್ಮ ಡೇಟಾ ಅದಾದ ಮೇಲಿನದಾಗಿದ್ದರೆ ಮಾಸ್-1 ಚಿತ್ರದಲ್ಲಿ ಕನಿಷ್ಠ ಒಂದು ಚೌಕ ಖಾಲಿ ಇರುತ್ತದೆ, ಗಾಬರಿಯಾಗಬೇಡಿ.

ಎಕ್ಸ್-ರೇ ವೇಷ ಹಾಕುವುದು ಹೇಗೆ

ಕ್ಯಾಮೆರಾಗೆ ಬರುವ ಜೋರಿನ ಕಾಸ್ಮಿಕ್ ಕಿರಣಗಳನ್ನು ಗುರುತಿಸುವುದು ಕಷ್ಟವಲ್ಲ. ಅವು ಸಿಸಿಡಿಯಲ್ಲಿ ಉದ್ದ ಗೆರೆ ಎಳೆದುಕೊಂಡು ಹೋಗುತ್ತವೆ, ಸಿಕ್ಕಾಪಟ್ಟೆ ಶಕ್ತಿ ಬಿಡುತ್ತವೆ. ಸಾಫ್ಟ್‌ವೇರ್ ಅವನ್ನು ಅಲ್ಲೇ ಕಿತ್ತೆಸೆಯುತ್ತದೆ. ಸಾಫ್ಟ್ ಪ್ರೋಟಾನ್ ಹಾಗಲ್ಲ. 100 ಕೆಇವಿ ಪ್ರೋಟಾನ್ ಸಿಲಿಕಾನ್‌ನಲ್ಲಿ ಹೋಗುವುದು ಸುಮಾರು 1 ಮೈಕ್ರಾನ್. ಒಂದು ಪಿಕ್ಸೆಲ್‌ನೊಳಗೇ ನಿಂತುಬಿಡುತ್ತದೆ. ಎಕ್ಸ್-ರೇ ಫೋಟಾನ್ ಕೂಡ ಅಷ್ಟೇ ಜಾಗದಲ್ಲಿ ಗುರುತು ಬಿಡುವುದು.

ಆದರೆ ಅದು ಬಿಡುವ ಶಕ್ತಿ 100 ಕೆಇವಿ ಆಗಿದ್ದರೆ ಸಿಕ್ಕಿಬೀಳಬೇಕಲ್ಲ? ಸರಿಯಾದ ಪ್ರಶ್ನೆ. ಇಲ್ಲಿ ಫಿಲ್ಟರ್‌ನ ಪಾತ್ರ ಬರುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನು ತಡೆಯಲು ಕ್ಯಾಮೆರಾ ಮುಂದೆ ತೆಳು ಹಾಳೆ ಇರುತ್ತದೆ. ಎಕ್ಸ್‌ಎಂಎಂನ “ಥಿನ್” ಫಿಲ್ಟರ್ ಅಂದರೆ 160 ನ್ಯಾನೋಮೀಟರ್ ಪಾಲಿಇಮೈಡ್, ಅದರ ಮೇಲೆ 40 ನ್ಯಾನೋಮೀಟರ್ ಅಲ್ಯೂಮಿನಿಯಂ. ಇದನ್ನು ದಾಟುವಾಗ ಪ್ರೋಟಾನ್ ಹತ್ತಿಪ್ಪತ್ತು ಕೆಇವಿ ಕಳೆದುಕೊಳ್ಳುತ್ತದೆ. ಕನ್ನಡಿಯಲ್ಲಿ ಎರಡು ಸಲ ತಾಗಿ ಒಂದಷ್ಟು ಮೊದಲೇ ಹೋಗಿರುತ್ತದೆ. ಹೀಗೆ ಸವೆದು ಸವೆದು ಕೊನೆಗೆ ಎರಡೋ ಐದೋ ಕೆಇವಿ ಉಳಿಸಿಕೊಂಡು ಬಂದವು ಸರಿಯಾಗಿ ಎಕ್ಸ್-ರೇ ಪಟ್ಟಿಯೊಳಗೆ ಬೀಳುತ್ತವೆ. ಇವುಗಳ ಸ್ಪೆಕ್ಟ್ರಮ್‌ನಲ್ಲಿ ಗೆರೆಗಳಿರಲ್ಲ, ನಯವಾದ ಇಳಿಜಾರು ಮಾತ್ರ. ಬಿಸಿ ಅನಿಲದ ಸ್ಪೆಕ್ಟ್ರಮ್ ಜೊತೆ ಬೆರೆತರೆ ಉಷ್ಣತೆ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಗುಚ್ಛದ ಮೇಲೆ ಕೆಲಸ ಮಾಡುವವರು ಹೆದರುವುದು ಇದಕ್ಕೆ.

ಚಂದ್ರಾದಲ್ಲಿ ಆದದ್ದು

ಚಂದ್ರಾ 1999ರ ಜುಲೈ 23ರಂದು ಕೊಲಂಬಿಯಾ ಷಟಲ್‌ನಲ್ಲಿ ಮೇಲೇರಿತು. ಅದರ ಕಕ್ಷೆ ಬಹಳ ಉದ್ದನೆಯದು. ಪ್ರತಿ ಸುತ್ತಿನಲ್ಲೂ ಭೂಮಿಯ ಹತ್ತಿರ ಬಂದಾಗ ವಿಕಿರಣ ಪಟ್ಟಿಗಳನ್ನು (ಭೂಮಿಯ ಕಾಂತಕ್ಷೇತ್ರ ಹಿಡಿದಿಟ್ಟ ಕಣಗಳ ವಲಯ) ಹಾಯುತ್ತದೆ. ಮೊದಲ ಕೆಲವು ಸುತ್ತುಗಳಲ್ಲಿ ಏಸಿಸ್ ಕ್ಯಾಮೆರಾ ಫೋಕಸ್ ಜಾಗದಲ್ಲೇ ಕೂತಿತ್ತು. ಸುತ್ತಲೂ ದಪ್ಪ ಕವಚ ಇತ್ತು. ಕನ್ನಡಿಯ ಕಡೆಯಿಂದ ಇಷ್ಟು ಕಣ ಬರಬಹುದು ಎಂದು ಯಾರೂ ಅಂದಾಜು ಮಾಡಿರಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಎಕ್ಸ್-ರೇಯ ಶಕ್ತಿಯನ್ನು ಬೇರ್ಪಡಿಸಿ ಹೇಳುವ ಕ್ಯಾಮೆರಾದ ಸಾಮರ್ಥ್ಯ ಕುಸಿದದ್ದು ಗೊತ್ತಾಯಿತು.

ಕಾರಣ ಹುಡುಕಿದ ಬಗೆ ನನಗೆ ಬಹಳ ಇಷ್ಟ. ಏಸಿಸ್‌ನಲ್ಲಿ ಹತ್ತು ಸಿಸಿಡಿ. ಎಂಟರ ಮುಖ ಕನ್ನಡಿಯ ಕಡೆ, ಎರಡನ್ನು ಮಗುಚಿ ಇಟ್ಟಿದ್ದಾರೆ. ಎಂಟೂ ಪೆಟ್ಟು ತಿಂದಿದ್ದವು, ಮಗುಚಿದ ಎರಡಕ್ಕೆ ಏನೂ ಆಗಿರಲಿಲ್ಲ. ಪೆಟ್ಟು ತಿಂದ ಎಂಟರಲ್ಲೂ, ಕವಚದ ಕೆಳಗಿದ್ದ ಫ್ರೇಮ್ ಸ್ಟೋರ್ ಭಾಗ (ಹಿಡಿದ ಚಿತ್ರವನ್ನು ಓದಿ ಮುಗಿಸುವ ತನಕ ಇಡುವ ಜಾಗ) ಸರಿಯಾಗೇ ಇತ್ತು. ಜೋರಿನ ಕಣಗಳಾಗಿದ್ದರೆ ಕವಚ ತೂರಿ ಎಲ್ಲವನ್ನೂ ಕೆಡಿಸುತ್ತಿದ್ದವು. ಇದು ಮೇಲಿಂದ ಬಂದ, ಒಂದು ಮೈಕ್ರಾನ್ ಆಸುಪಾಸಿನಲ್ಲಿ ನಿಂತುಹೋಗುವ ಕಣದ ಕೆಲಸ. ಸಿಸಿಡಿಯಲ್ಲಿ ಎಲೆಕ್ಟ್ರಾನ್‌ಗಳು ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಹರಿಯುವ ಕಾಲುವೆ ಮುಖಭಾಗಕ್ಕೆ ತೀರಾ ಹತ್ತಿರ ಇರುತ್ತದೆ. 100 ಕೆಇವಿ ಆಸುಪಾಸಿನ ಪ್ರೋಟಾನ್ ಬಂದು ನಿಲ್ಲುವುದೂ ಸರಿಯಾಗಿ ಅಲ್ಲೇ. ನಿಲ್ಲುವಾಗ ಸಿಲಿಕಾನ್ ಪರಮಾಣುಗಳನ್ನು ಜಾಗ ಬಿಡಿಸುತ್ತದೆ. ಆ ಗುಂಡಿಗಳಲ್ಲಿ ಹಾದುಹೋಗುವ ಎಲೆಕ್ಟ್ರಾನ್‌ಗಳು ಸಿಕ್ಕಿಕೊಳ್ಳುತ್ತವೆ. ಹೆಚ್ಚು ದೂರದ ಸಾಲಿನಿಂದ ಬರುವ ಸಿಗ್ನಲ್ ಹೆಚ್ಚು ಕಳೆದುಕೊಳ್ಳುತ್ತದೆ. ಮಗುಚಿದ ಸಿಸಿಡಿಯಲ್ಲಿ ಈ ಕಾಲುವೆ ಆಚೆ ಬದಿಗೆ ಇರುತ್ತದೆ, ಪ್ರೋಟಾನ್‌ಗೆ ಎಟುಕಲ್ಲ.

ಅಂದಿನಿಂದ ವಿಕಿರಣ ಪಟ್ಟಿ ಹಾಯುವಾಗ ಏಸಿಸನ್ನು ಫೋಕಸ್‌ನಿಂದ ಪಕ್ಕಕ್ಕೆ ಸರಿಸುತ್ತಾರೆ. ಅಷ್ಟರಿಂದ ಹಾನಿಯ ವೇಗ ತೀರಾ ಕಡಿಮೆಯಾಯಿತು. ಸಿಸಿಡಿಯನ್ನು ಸೊನ್ನೆಗಿಂತ 120 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪಾಗಿಟ್ಟು ಆದ ಹಾನಿಯ ಪರಿಣಾಮವನ್ನೂ ತಗ್ಗಿಸಿದರು. ಕ್ಯಾಮೆರಾ “ಹಾಳಾಯಿತು” ಅನ್ನುವುದು ಹಾಗಾಗಿ ಸ್ವಲ್ಪ ಜಾಸ್ತಿ ಆಯಿತು. ಪೆಟ್ಟು ಬಿತ್ತು, ಆದರೆ ಆಮೇಲೂ ವರ್ಷಗಟ್ಟಲೆ ಅದ್ಭುತವಾಗಿ ಕೆಲಸ ಮಾಡಿದೆ. ಎಕ್ಸ್‌ಎಂಎಂ ಹೊರಟದ್ದು 1999ರ ಡಿಸೆಂಬರ್ 10ರಂದು. ಅಷ್ಟರಲ್ಲಿ ಈ ಪಾಠ ಅವರ ಕೈಗೆ ಸಿಕ್ಕಿತ್ತು, ಅದೊಂದು ಅದೃಷ್ಟ.

ಕನ್ನಡಿಯ ಲೇಪದ ಬಗ್ಗೆ ಕೇಳಿದ್ದೀರಿ. ಅದಕ್ಕೆ ಚಿಂತೆ ಬೇಡ. ಹಾನಿ ಕಾಣುವುದು ಎಲೆಕ್ಟ್ರಾನ್ ಹರಿಯಬೇಕಾದ ಹರಳಿನಲ್ಲಿ. ಕನ್ನಡಿಯ ಚಿನ್ನ ಅಂಥ ಸೂಕ್ಷ್ಮ ಕೆಲಸ ಏನೂ ಮಾಡಬೇಕಿಲ್ಲ, ನುಣ್ಣಗಿದ್ದರೆ ಸಾಕು. ಚಂದ್ರಾ ಕಡಿಮೆ ಶಕ್ತಿಯ ಎಕ್ಸ್-ರೇಗಳಿಗೆ ವರ್ಷದಿಂದ ವರ್ಷಕ್ಕೆ ಮಂಕಾಗುತ್ತಿರುವುದನ್ನು ನೀವು ಓದಿರಬಹುದು. ಅದು ಏಸಿಸ್‌ನ ತಣ್ಣನೆಯ ಫಿಲ್ಟರ್ ಮೇಲೆ ಕೂತ ರಾಸಾಯನಿಕ ಕೊಳೆಯಿಂದ. ಪ್ರೋಟಾನ್‌ಗೂ ಅದಕ್ಕೂ ಸಂಬಂಧ ಇಲ್ಲ.

ತಡೆಯಬಾರದೇ?

ತಡೆಯಬಹುದು. ಆದರೆ ಏನಾದರೊಂದು ಬೆಲೆ ಕೊಡಬೇಕು.

ಬಾಗಿಲು ಮುಚ್ಚುವುದು ಎಲ್ಲಕ್ಕಿಂತ ಖಚಿತ. ಎಕ್ಸ್‌ಎಂಎಂನ ಫಿಲ್ಟರ್ ಚಕ್ರದಲ್ಲಿ “ಕ್ಲೋಸ್ಡ್” ಅನ್ನುವ ಜಾಗದಲ್ಲಿ ಸುಮಾರು 1 ಮಿಲಿಮೀಟರ್ ಅಲ್ಯೂಮಿನಿಯಂ ಇದೆ. 100 ಕೆಇವಿ ಪ್ರೋಟಾನ್ ನಿಲ್ಲಿಸಲು ಅದರ ಸಾವಿರದಲ್ಲೊಂದು ಪಾಲು ಸಾಕು. ಆದರೆ ಬಾಗಿಲು ಮುಚ್ಚಿದರೆ ಆಕಾಶವೂ ಮುಚ್ಚಿತು. ವಿಕಿರಣ ಪಟ್ಟಿಯಲ್ಲಿ ಹೇಗೂ ನೋಡಲಾಗಲ್ಲ, ಅಲ್ಲಿ ಮುಚ್ಚುತ್ತಾರೆ. ಪಟ್ಟಿಯ ಹೊರಗೆ ಬರುವ ಫ್ಲೇರ್‌ಗಳನ್ನು (ನಿಮಗೆ ಕಂಡಂಥ ದಿಢೀರ್ ಏರಿಕೆಗಳನ್ನು) ಮಾತ್ರ ಸಹಿಸಿಕೊಳ್ಳಬೇಕು. ಅವು ಸೌರಬಿರುಗಾಳಿ ಇದ್ದಾಗಷ್ಟೇ ಬರುತ್ತವೆ ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ಭೂಮಿಯ ಕಾಂತಗೋಳದಲ್ಲಿ ಸುಳಿದಾಡುವ ಪ್ರೋಟಾನ್ ಮೋಡಗಳ ಮೂಲಕ ದೂರದರ್ಶಕ ಹಾದುಹೋದರೆ ಸಾಕು, ಸೂರ್ಯ ತಣ್ಣಗಿದ್ದಾಗಲೂ ಎಣಿಕೆ ನೂರು ಸೆಕೆಂಡಿನಲ್ಲಿ ಏರಬಹುದು. ಎಕ್ಸ್‌ಎಂಎಂ ನೋಡುವ ಸಮಯದಲ್ಲಿ 30ರಿಂದ 40 ಶೇಕಡಾ ಹೀಗೆ ಕೆಡುತ್ತದೆ. ನೀವೊಬ್ಬರೇ ಅಲ್ಲ.

ದಪ್ಪ ಫಿಲ್ಟರ್ ಹಾಕಿದರೆ ಪ್ರೋಟಾನ್ ಕಡಿಮೆಯಾಗುತ್ತದೆ, ಜೊತೆಗೆ ಕಡಿಮೆ ಶಕ್ತಿಯ ಎಕ್ಸ್-ರೇಗಳೂ ಹೋಗುತ್ತವೆ. ಇನ್ನೊಂದು ಕೊಕ್ಕೆ ಇದೆ. ತೆಳು ಫಿಲ್ಟರ್‌ನಲ್ಲಿ 40 ಕೆಇವಿಯಾಗಿ ದಾಟಿ ಸಿಕ್ಕಿಬೀಳುತ್ತಿದ್ದ ಪ್ರೋಟಾನ್, ದಪ್ಪ ಫಿಲ್ಟರ್‌ನಲ್ಲಿ ಇನ್ನಷ್ಟು ಸವೆದು 5 ಕೆಇವಿಯಾಗಿ ಎಕ್ಸ್-ರೇ ವೇಷದಲ್ಲಿ ಬರಬಹುದು.

ಆಯಸ್ಕಾಂತದ ಯೋಚನೆ ನಿಮಗೊಬ್ಬರಿಗೇ ಬಂದದ್ದಲ್ಲ. ಚಂದ್ರಾದಲ್ಲೂ ಎಕ್ಸ್‌ಎಂಎಂನಲ್ಲೂ ಕನ್ನಡಿಯ ಹಿಂದೆ ಆಯಸ್ಕಾಂತಗಳಿವೆ. ಆದರೆ ಅವು ಎಲೆಕ್ಟ್ರಾನ್‌ಗಾಗಿ. 100 ಕೆಇವಿಯಲ್ಲಿ ಪ್ರೋಟಾನ್‌ನ ಸಂವೇಗ ಎಲೆಕ್ಟ್ರಾನ್‌ನದಕ್ಕಿಂತ ಸುಮಾರು 40 ಪಟ್ಟು ಜಾಸ್ತಿ. ಎಲೆಕ್ಟ್ರಾನನ್ನು ಗೋಡೆಗೆ ತಿರುಗಿಸುವ ಆಯಸ್ಕಾಂತಕ್ಕೆ ಪ್ರೋಟಾನ್ ಜಗ್ಗುವುದೇ ಇಲ್ಲ. ಹಾಗಂತ ಅಸಾಧ್ಯ ಅಲ್ಲ. 0.1 ಟೆಸ್ಲಾ ಕ್ಷೇತ್ರದಲ್ಲಿ 100 ಕೆಇವಿ ಪ್ರೋಟಾನ್ ಸುತ್ತುವ ವೃತ್ತದ ತ್ರಿಜ್ಯ ಸುಮಾರು 46 ಸೆಂಟಿಮೀಟರ್. ಅಂಥ ಕ್ಷೇತ್ರ 10 ಸೆಂಟಿಮೀಟರ್ ಉದ್ದಕ್ಕೆ ಇದ್ದರೂ ಅದು ಹನ್ನೆರಡು ಡಿಗ್ರಿ ತಿರುಗುತ್ತದೆ. ಕ್ಯಾಮೆರಾ ಪೂರ್ತಿ ಮುಚ್ಚುವಷ್ಟು ಅಗಲಕ್ಕೆ ಅದನ್ನು ಕಟ್ಟುವುದೇ ತಲೆನೋವು. ತೂಕ ಏರುತ್ತದೆ. ಸೋರುವ ಕಾಂತಕ್ಷೇತ್ರ ಪಕ್ಕದ ಉಪಕರಣಕ್ಕೆ ತೊಂದರೆ ಕೊಡುತ್ತದೆ. ಅದರಲ್ಲೂ ಅತಿ ಶೀತದಲ್ಲಿ ಕೆಲಸ ಮಾಡುವ ಮೈಕ್ರೋಕ್ಯಾಲರಿಮೀಟರ್‌ಗಳಿಗೆ (ಎಕ್ಸ್-ರೇ ತಾಗಿದಾಗ ಏರುವ ಅತಿ ಸಣ್ಣ ಬಿಸಿಯನ್ನು ಅಳೆಯುವ ಸಾಧನಗಳಿಗೆ) ಕಾಂತಕ್ಷೇತ್ರ ಅಂದರೆ ಆಗಲ್ಲ. ಯುರೋಪಿನ ಅಥೀನಾ ಎಕ್ಸ್-ರೇ ದೂರದರ್ಶಕ ಯೋಜನೆಯಲ್ಲಿ ಪ್ರೋಟಾನ್ ತಿರುಗಿಸುವ ಆಯಸ್ಕಾಂತವನ್ನು ಗಂಭೀರವಾಗಿ ಅಧ್ಯಯನ ಮಾಡಿದ್ದಾರೆ. ನನ್ನ ಮಟ್ಟಿಗೆ, ದೊಡ್ಡ ಕನ್ನಡಿ ಹಾಕಿ ದೂರದ ಕಕ್ಷೆಗೆ ಹೋಗುವವರಿಗೆ ಇದು ಬಿಟ್ಟರೆ ಬೇರೆ ಒಳ್ಳೆಯ ದಾರಿಯಿಲ್ಲ.

ಭೂಮಿಗೆ ಹತ್ತಿರದ ಕಕ್ಷೆಯಲ್ಲೇ ಇದ್ದರೆ ಭೂಮಿಯ ಕಾಂತಕ್ಷೇತ್ರವೇ ಕಾಪಾಡುತ್ತದೆ. ಸ್ವಿಫ್ಟ್, ಆಸ್ಟ್ರೋಸ್ಯಾಟ್, ಎಕ್ಸ್‌ರಿಸಂ ಎಲ್ಲ ಅಂಥವು. ಆದರೆ ಅಲ್ಲಿ ಪ್ರತಿ ಸುತ್ತಿನಲ್ಲೂ ಭೂಮಿ ಅಡ್ಡ ಬರುತ್ತದೆ. ಬಿಡದೆ ದಿನಗಟ್ಟಲೆ ಒಂದೇ ಕಡೆ ನೋಡಲಾಗಲ್ಲ.

ಈಗ ನಿಮ್ಮ ಡೇಟಾ

ಪ್ರೋಟಾನ್ ಎಣಿಕೆಯನ್ನು ಒಂದೊಂದಾಗಿ ಹೆಕ್ಕಿ ತೆಗೆಯುವ ಉಪಾಯ ಇಲ್ಲ. ಸಮಯವನ್ನೇ ಕತ್ತರಿಸಬೇಕು. ಸಾಮಾನ್ಯ ಪದ್ಧತಿ: 100 ಸೆಕೆಂಡ್ ತುಂಡುಗಳಲ್ಲಿ ಹೆಚ್ಚು ಶಕ್ತಿಯ ಲೈಟ್ ಕರ್ವ್ ಹಾಕುವುದು. ಮಾಸ್ ಕ್ಯಾಮೆರಾಗೆ 10 ಕೆಇವಿ ಮೇಲೆ ಸೆಕೆಂಡಿಗೆ 0.35, ಪಿಎನ್‌ಗೆ 10ರಿಂದ 12 ಕೆಇವಿ ನಡುವೆ 0.4 ಎಣಿಕೆ ಮೀರಿದ ತುಂಡುಗಳನ್ನು ಬಿಡುವುದು. ಆದರೆ ಈ ಅಂಕಿಗಳನ್ನು ಸುಮ್ನೆ ನಕಲು ಮಾಡಬೇಡಿ, ಅವು ಶುರುಮಾಡಲು ಅಷ್ಟೇ. ಎಣಿಕೆ ದರದ ಹಿಸ್ಟೋಗ್ರಾಮ್ ಹಾಕಿ. ಶಾಂತ ಹೊತ್ತಿನದು ಒಂದು ಚಂದದ ಗುಡ್ಡ ಆಗಿರುತ್ತದೆ, ಫ್ಲೇರ್‌ಗಳದ್ದು ಬಲಕ್ಕೆ ಎಳೆದ ಬಾಲ. ಎಲ್ಲಿ ಕತ್ತರಿಸಬೇಕೆಂದು ಅದೇ ಹೇಳುತ್ತದೆ. 2ರಿಂದ 8 ಕೆಇವಿಯಲ್ಲೂ ಇನ್ನೊಮ್ಮೆ ಮಾಡಿ ನೋಡಿ, ಕೆಲವು ಫ್ಲೇರ್‌ಗಳು 10ರ ಮೇಲೆ ಅಷ್ಟಾಗಿ ತಲೆ ಎತ್ತಲ್ಲ.

ಅರ್ಧ ಹೋದರೂ 20,000 ಸೆಕೆಂಡ್ ಉಳಿಯುತ್ತದೆ. ಹೊಳಪಾದ ಗುಚ್ಛವಾದರೆ ಅದರ ನಡುಭಾಗದ ಉಷ್ಣತೆ ಅಳೆಯಲು ಧಾರಾಳ ಸಾಕು. ಅಂಚಿನ ಮಂಕು ಭಾಗವೇ ನಿಮ್ಮ ವಿಷಯವಾಗಿದ್ದರೆ ಕಷ್ಟ, ಆಗ ಗೈಡ್ ಹತ್ತಿರ ಮೊದಲೇ ಮಾತಾಡಿ. ಗುಚ್ಛದ ಬದಲು ಒಂದು ಹೊಳಪಾದ ಚುಕ್ಕೆಯನ್ನಷ್ಟೇ ನೋಡುತ್ತಿದ್ದರೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಪಕ್ಕದ ಖಾಲಿ ಜಾಗದ ಎಣಿಕೆ ಕಳೆದರೆ ಪ್ರೋಟಾನ್ ಪಾಲೂ ಕಳೆಯುತ್ತದೆ, ಸಣ್ಣ ಫ್ಲೇರ್ ಇದ್ದರೂ ನಡೆಯುತ್ತದೆ. ಗುಚ್ಛ ಚಿತ್ರದ ತುಂಬ ಹರಡಿರುವುದರಿಂದ ನಿಮಗೆ ಆ ಅನುಕೂಲ ಇಲ್ಲ.

ಕತ್ತರಿಸಿದ ಮೇಲೂ ಕೆಲಸ ಮುಗಿಯಲ್ಲ. ಸಮತಟ್ಟಾಗಿ ಕಾಣುವ ಭಾಗದಲ್ಲೂ ಪ್ರೋಟಾನ್ ಸಣ್ಣಗೆ, ಏರಿಳಿಯದೆ ಬರುತ್ತಿರಬಹುದು. ಲೈಟ್ ಕರ್ವ್‌ಗೆ ಅದು ಕಾಣಲ್ಲ. ಅದನ್ನು ಹಿಡಿಯಲು ಮಾಸ್ ಕ್ಯಾಮೆರಾದ ಮೂಲೆಗಳನ್ನು ನೋಡಿ. ಅಲ್ಲಿಗೆ ಆಕಾಶ ಕಾಣಲ್ಲ, ಕನ್ನಡಿಯಿಂದ ಬಂದ ಪ್ರೋಟಾನೂ ಬೀಳಲ್ಲ. ಕಾಸ್ಮಿಕ್ ಕಿರಣಗಳು ಮಾತ್ರ ಎಲ್ಲ ಕಡೆ ಬೀಳುತ್ತವೆ. ಆಕಾಶ ಕಾಣುವ ಭಾಗದ ಹೆಚ್ಚು ಶಕ್ತಿಯ ಎಣಿಕೆಯನ್ನು (ನಡುವಿನ 10 ಆರ್ಕ್‌ಮಿನಿಟ್ ಬಿಟ್ಟು) ಮೂಲೆಯ ಎಣಿಕೆಯಿಂದ ಭಾಗಿಸಿ, ಎರಡನ್ನೂ ವಿಸ್ತೀರ್ಣಕ್ಕೆ ಸರಿಹೊಂದಿಸಿಕೊಂಡು. ಅನುಪಾತ 1.15ರೊಳಗೆ ಇದ್ದರೆ ಶುದ್ಧ. 1.3ವರೆಗೆ ಅಲ್ಪಸ್ವಲ್ಪ ಕಲಬೆರಕೆ. 1.5 ದಾಟಿದರೆ ಆ ಡೇಟಾದಿಂದ ಗುಚ್ಛದ ಅಂಚಿನ ಬಗ್ಗೆ ಏನೂ ಹೇಳಲು ಹೋಗಬೇಡಿ. ಪಿಎನ್‌ನಲ್ಲಿ ಮೂಲೆ ತೀರಾ ಚಿಕ್ಕದು, ಅಲ್ಲಿ ಈ ಲೆಕ್ಕ ನಂಬುವುದು ಕಷ್ಟ. ಮಾಸ್-2ರಲ್ಲಿ ಮಾಡಿ.

ಅಲ್ಪಸ್ವಲ್ಪ ಉಳಿದಿದ್ದರೆ ಸ್ಪೆಕ್ಟ್ರಮ್ ಫಿಟ್ ಮಾಡುವಾಗ ಪ್ರೋಟಾನ್‌ಗೆಂದು ಒಂದು ಪವರ್ ಲಾ (ಶಕ್ತಿ ಏರಿದಂತೆ ನಯವಾಗಿ ಇಳಿಯುವ ಗೆರೆ) ಸೇರಿಸಿ. ಹೊಸಬರು ಎಡವುವುದು ಇಲ್ಲೇ: ಆ ಪವರ್ ಲಾವನ್ನು ಕನ್ನಡಿಯ ಎಫೆಕ್ಟಿವ್ ಏರಿಯಾದಿಂದ (ಯಾವ ಶಕ್ತಿಯ ಎಕ್ಸ್-ರೇ ಎಷ್ಟು ಹಿಡಿಯುತ್ತದೆಂಬ ಅಳತೆ) ಗುಣಿಸಬಾರದು. ಆ ಏರಿಯಾ ಎಕ್ಸ್-ರೇ ಪ್ರತಿಫಲನಕ್ಕೆ ಲೆಕ್ಕ ಹಾಕಿದ್ದು, ಪ್ರೋಟಾನ್ ಬಂದದ್ದು ಚದುರಿ. ಆ ಏರಿಯಾ ಇರುವ ಎಆರ್‌ಎಫ್ ಕಡತ ಕೊಡದೆ, ಕರ್ಣದಲ್ಲಿ ಮಾತ್ರ ಬೆಲೆಗಳಿರುವ ಆರ್‌ಎಂಎಫ್ (ಶಕ್ತಿಯನ್ನು ಕ್ಯಾಮೆರಾದ ಚಾನಲ್‌ಗಳಿಗೆ ಹೊಂದಿಸುವ ಕಡತ) ಕೊಟ್ಟು ಫಿಟ್ ಮಾಡಿ. ಚಿತ್ರದ ನಡುವಿನಿಂದ ಅಂಚಿಗೆ ಹೋಗುವಾಗ ಎಕ್ಸ್-ರೇ ಮಂಕಾಗುವಷ್ಟು ಪ್ರೋಟಾನ್ ಮಂಕಾಗಲ್ಲ, ಅದಕ್ಕೂ ಎಕ್ಸ್-ರೇಯ ವಿನೆಟಿಂಗ್ ನಕ್ಷೆ ಬಳಸಬೇಡಿ.

ಕೊನೆಗೆ, ಮಾಸ್-1, ಮಾಸ್-2, ಪಿಎನ್ ಮೂರರಿಂದಲೂ ಉಷ್ಣತೆಯನ್ನು ಬೇರೆ ಬೇರೆಯಾಗಿ ತೆಗೆಯಿರಿ. ಮೂರು ಕ್ಯಾಮೆರಾಗಳ ನಡುವೆ ಸಣ್ಣ ವ್ಯತ್ಯಾಸ ಯಾವಾಗಲೂ ಇರುತ್ತದೆ. ಆದರೆ ಅಂಚಿಗೆ ಹೋದಂತೆ ಒಂದರಲ್ಲಿ ಮಾತ್ರ ಉಷ್ಣತೆ ಏರುತ್ತಾ ಹೋದರೆ ಅದರ ಲೈಟ್ ಕರ್ವ್‌ಗೆ ವಾಪಸ್ ಹೋಗಿ, ಕತ್ತರಿಯನ್ನು ಇನ್ನೂ ಸ್ವಲ್ಪ ಕೆಳಗೆ ತನ್ನಿ.